ಮುಚ್ಚಳಿಕೆಯಲ್ಲಿ ಬರೆಯದೆ ಉಳಿದದ್ದು

ಡಿಗ್ರಿಗೋ ಎಂ.ಎ.ಗೋ ಸೇರುವ ದಿನ ಮಕ್ಕಳು ಮತ್ತು ಅವರ ಹಿಂದೆ ನಿಂತ ಅಪ್ಪ ಅಮ್ಮಂದಿರು ಹಲವು ಕಾಗದಗಳಿಗೆ ಸಹಿ ಹಾಕುತ್ತಾರೆ. ಫೀಸಿನ ಚಲನ್, ಜಾತಿ ಮತ್ತು ಆದಾಯ ಪ್ರಮಾಣಪತ್ರದ ನಕಲು, ಟಿ.ಸಿ., ಮಾರ್ಕ್ಸ್ ಕಾರ್ಡ್, ಫೋಟೊಗಳ ನಡುವೆ ಒಂದು ಮುಚ್ಚಳಿಕೆಯೂ ಇರುತ್ತದೆ. ರ‍್ಯಾಗಿಂಗ್ ಮಾಡುವುದಿಲ್ಲ, ಶೇ 75ರಷ್ಟು ಹಾಜರಾತಿ ಉಳಿಸಿಕೊಳ್ಳುತ್ತೇನೆ, ಕಾಲೇಜಿನ ಶಿಸ್ತಿಗೆ ಬದ್ಧ, ತಪ್ಪಿದರೆ ಕೈಗೊಳ್ಳುವ ಯಾವ ಕ್ರಮಕ್ಕೂ ನನ್ನ ಒಪ್ಪಿಗೆಯಿದೆ ಎಂಬುದು ಅದರ ಸಾರ. ಸರದಿಯಲ್ಲಿ ಹಿಂದೆ ಜನ ಕಾಯುತ್ತಿರುತ್ತಾರೆ, ಊಟದ ಹೊತ್ತಿಗೆ ಕೌಂಟರ್ ಮುಚ್ಚುತ್ತದೆ. ಬಹುತೇಕರು ಓದದೆಯೇ ಸಹಿ ಹಾಕಿ ಕೊಟ್ಟುಬಿಡುತ್ತಾರೆ.

ಆ ಹಾಳೆಯ ಮೇಲೆ ನನಗೆ ಸಿಟ್ಟಿಲ್ಲ. ಅದರಲ್ಲಿರುವ ಒಂದೊಂದು ಸಾಲಿಗೂ ಕಾರಣವಿದೆ. ಆದರೆ ಅದು ವಿದ್ಯಾರ್ಥಿ ಕೊಡುವ ಮಾತು ಮಾತ್ರ. ವಿದ್ಯಾರ್ಥಿಗೆ ವಿಶ್ವವಿದ್ಯಾಲಯ ಕೊಡಬೇಕಾದ ಮಾತೂ ಇದೆ; ಕಾನೂನು, ನಿಯಮಾವಳಿ, ಕೋರ್ಟಿನ ಆದೇಶಗಳ ರೂಪದಲ್ಲಿ, ಇಷ್ಟು ದಿನದೊಳಗೆ ಎಂಬ ಗಡುವಿನ ಸಮೇತ ಇದೆ. ಪ್ರವೇಶದ ದಿನ ಅದನ್ನು ಯಾರೂ ಓದಿ ಹೇಳುವುದಿಲ್ಲ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಮಗುವಿಗೆ ತಾನು ಪಾಲಿಸಬೇಕಾದ್ದೆಲ್ಲ ಗೊತ್ತಿರುತ್ತದೆ, ತನಗೆ ಸಲ್ಲಬೇಕಾದ್ದು ಗೊತ್ತಿರುವುದಿಲ್ಲ. ಈ ಎರಡನ್ನೂ ಜೊತೆಯಲ್ಲಿಟ್ಟು ನೋಡದಿದ್ದರೆ ಶಿಸ್ತೂ ನಿಲ್ಲುವುದಿಲ್ಲ, ಆಸರೆಯೂ ಸಿಗುವುದಿಲ್ಲ ಎಂಬುದು ನನ್ನ ನಂಬಿಕೆ.

ಮುಚ್ಚಳಿಕೆಯ ಮೊದಲ ಸಾಲು ರ‍್ಯಾಗಿಂಗ್. ಆ ಸಾಲು ಬಂದದ್ದು ಮಕ್ಕಳ ಜೀವ ಹೋದ ಮೇಲೆ. 1996ರಲ್ಲಿ ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಮೊದಲ ವರ್ಷದ ಹುಡುಗನೊಬ್ಬನನ್ನು ಹಿರಿಯ ವಿದ್ಯಾರ್ಥಿ ಕೊಂದ; ಮರುವರ್ಷವೇ ಆ ರಾಜ್ಯ ರ‍್ಯಾಗಿಂಗ್ ನಿಷೇಧ ಕಾನೂನು ತಂದಿತು. 2001ರಲ್ಲಿ ವಿಶ್ವ ಜಾಗೃತಿ ಮಿಷನ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅನ್ವಯಿಸುವ ಸೂಚನೆಗಳನ್ನು ಕೊಟ್ಟಿತು. ಸಿಬಿಐನ ಮಾಜಿ ನಿರ್ದೇಶಕ ಆರ್.ಕೆ. ರಾಘವನ್ ನೇತೃತ್ವದ ಸಮಿತಿ ವರದಿ ಕೊಟ್ಟಿತು. ಇಷ್ಟೆಲ್ಲ ಆದ ಮೇಲೂ 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ಟಾಂಡಾ ವೈದ್ಯಕೀಯ ಕಾಲೇಜಿನ ಅಮನ್ ಕಾಚ್ರೂ ಹಿರಿಯರ ಹೊಡೆತಕ್ಕೆ ಸಿಕ್ಕಿ ಸತ್ತ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ರ‍್ಯಾಗಿಂಗ್ ತಡೆ ನಿಯಮಾವಳಿ ಬಂದದ್ದು ಅದೇ ವರ್ಷ. 1800-180-5522 ಎಂಬ ಸಹಾಯವಾಣಿ ಶುರುವಾದದ್ದೂ ಅದೇ ವರ್ಷ.

ನಮ್ಮ ರಾಜ್ಯದ 1983ರ ಶಿಕ್ಷಣ ಕಾಯ್ದೆ ಇದಕ್ಕೂ ಎಷ್ಟೋ ಮೊದಲೇ ರ‍್ಯಾಗಿಂಗ್ ಎಂದರೇನು ಎಂದು ಸ್ಪಷ್ಟವಾಗಿ ಬರೆದಿತ್ತು. ತಮಾಷೆಗೆಂದು ಮಾಡಿಸಿದರೂ ಸರಿ, ಮನುಷ್ಯನ ಘನತೆಗೆ ಕುಂದು ತರುವ ಕೆಲಸವನ್ನು ಬಲವಂತದಿಂದ ಮಾಡಿಸಿದರೆ ಅದು ರ‍್ಯಾಗಿಂಗ್. ಈ ‘ತಮಾಷೆಗೆಂದರೂ’ ಎಂಬ ಮಾತನ್ನು ಪ್ರತಿ ಹಾಸ್ಟೆಲಿನ ಗೋಡೆಯ ಮೇಲೆ ಬರೆಸಬೇಕು. ಸಿಕ್ಕಿಬಿದ್ದವರೆಲ್ಲ ಮೊದಲು ಹೇಳುವುದು ತಮಾಷೆಗೆ ಮಾಡಿದೆವು ಎಂದೇ. ಯುಜಿಸಿ ನಿಯಮಾವಳಿಯ 2016ರ ತಿದ್ದುಪಡಿ ಜಾತಿ, ಧರ್ಮ, ಮೈಬಣ್ಣ, ಊರು, ಭಾಷೆ, ಲಿಂಗ, ಮನೆಯ ಬಡತನ ಇವುಗಳನ್ನು ಹಿಡಿದು ಹೀಯಾಳಿಸುವುದನ್ನೂ ಇದರೊಳಗೆ ಸೇರಿಸಿತು. ಹೊಸಬರನ್ನು ವಾಟ್ಸ್‌ಆ್ಯಪ್ ಗುಂಪಿಗೆ ಎಳೆದು ತಂದು ಹೆದರಿಸುವುದೂ ರ‍್ಯಾಗಿಂಗ್ ಎಂದು ಯುಜಿಸಿ 2025ರಲ್ಲಿ ಮತ್ತೆ ನೆನಪಿಸಬೇಕಾಯಿತು.

ವಿದ್ಯಾರ್ಥಿಗೆ ಕಾದಿರುವ ಶಿಕ್ಷೆಗಳ ಪಟ್ಟಿ ಉದ್ದವಿದೆ: ತರಗತಿಯಿಂದ ಅಮಾನತು, ವಿದ್ಯಾರ್ಥಿವೇತನಕ್ಕೆ ತಡೆ, ಹಾಸ್ಟೆಲಿನಿಂದ ಹೊರಗೆ, ಒಂದರಿಂದ ನಾಲ್ಕು ಸೆಮಿಸ್ಟರ್‌ವರೆಗೆ ಹೊರದಬ್ಬುವುದು, ಕೊನೆಗೆ ಪ್ರವೇಶವೇ ರದ್ದು. ಮಾಡಿದವರು ಯಾರೆಂದು ಪತ್ತೆಯಾಗದಿದ್ದರೆ ಗುಂಪಿಗೇ ಶಿಕ್ಷೆ. ಇಷ್ಟನ್ನು ಮಕ್ಕಳಿಗೆ ಹೇಳುತ್ತಾರೆ. ಕಾಲೇಜಿನ ಪಾಲಿನ ಹೊಣೆಯನ್ನು ಹೇಳುವುದಿಲ್ಲ. ಅಪರಾಧವೆನ್ನಿಸುವ ಘಟನೆ ಕಿವಿಗೆ ಬಿದ್ದ 24 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ಪೊಲೀಸರಲ್ಲಿ ಎಫ್‌ಐಆರ್ ದಾಖಲಿಸಬೇಕು. ಹೊಡೆತ ತಿಂದ ಹುಡುಗ ಬರೆದುಕೊಡಲಿ, ಅವನ ಅಪ್ಪ ಊರಿನಿಂದ ಬರಲಿ ಎಂದು ಕಾಯುವ ಹಾಗಿಲ್ಲ. ಕಾಲೇಜಿನ ಮರ್ಯಾದೆ ಹೋಗುತ್ತದೆಂದು ಇಬ್ಬರನ್ನೂ ಕರೆದು ಕೈ ಕುಲುಕಿಸಿ ಕಳಿಸುವ ರಾಜಿ ಪಂಚಾಯಿತಿಗೆ ನಿಯಮದಲ್ಲಿ ಜಾಗವೇ ಇಲ್ಲ.

ಆಸರೆಯ ಮಾತಿಗೆ ಬರೋಣ. ಓದುವ ಮಕ್ಕಳಿಗೆ ನೆರವಾಗುವುದು ಕನ್ನಡ ನಾಡಿಗೆ ಹೊಸದಲ್ಲ. ವಾರಾನ್ನದಲ್ಲಿ ಓದಿದವರ ಆತ್ಮಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ತುಮಕೂರಿನ ಸಿದ್ಧಗಂಗೆ, ಧಾರವಾಡದ ಮುರುಘಾಮಠದ ಪ್ರಸಾದ ನಿಲಯಗಳು ಎಷ್ಟು ತಲೆಮಾರುಗಳನ್ನು ಓದಿಸಿದವು! ಆ ಉಪಕಾರವನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. ಆದರೆ ವಾರಾನ್ನದ ಎಲೆ ಜಾತಿ ನೋಡಿಯೇ ಬೀಳುತ್ತಿತ್ತು. ಕೊಡುವವರ ಮನಸ್ಸು ಬದಲಾದರೆ ಹುಡುಗನ ಓದೂ ನಿಲ್ಲುತ್ತಿತ್ತು. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳು, ದೇವರಾಜ ಅರಸರ ಕಾಲದಿಂದ ಹೆಚ್ಚುತ್ತ ಬಂದ ಬಿಸಿಎಂ ಹಾಸ್ಟೆಲುಗಳು, ಹಾಸ್ಟೆಲ್ ಸಿಗದವರಿಗೆ ಊಟ-ವಸತಿಯ ಖರ್ಚು ಕೊಡುವ ವಿದ್ಯಾಸಿರಿ, ಇವು ಹಂಗನ್ನು ತೆಗೆದು ಹಕ್ಕನ್ನು ತಂದವು. ಇಂದಿಗೂ ಹಾಸ್ಟೆಲಿನ ಅನ್ನದಲ್ಲಿ ಹುಳು ಬಂತೆಂದು ಮಕ್ಕಳು ರಸ್ತೆಗಿಳಿದರೆ, ಪುಕ್ಕಟೆ ಊಟಕ್ಕೆ ಇಷ್ಟು ಕೊಬ್ಬೇ ಎನ್ನುವವರಿದ್ದಾರೆ. ಅದು ತೆರಿಗೆಯ ಹಣದಲ್ಲಿ ಬೇಯುವ ಅನ್ನ. ಅದು ಚೆನ್ನಾಗಿರಬೇಕೆಂದು ಕೇಳುವುದು ಅಶಿಸ್ತಲ್ಲ.

ಕೇಳುವುದಾದರೂ ಯಾರನ್ನು? ಈ ಪ್ರಶ್ನೆಗೆ ಉತ್ತರವಾಗಿ ಬಂದದ್ದು 2023ರ ಏಪ್ರಿಲ್‌ನ ಯುಜಿಸಿ ವಿದ್ಯಾರ್ಥಿ ಕುಂದುಕೊರತೆ ನಿವಾರಣೆ ನಿಯಮಾವಳಿ. ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಪ್ರಾಧ್ಯಾಪಕರೊಬ್ಬರು ಅಧ್ಯಕ್ಷರು, ನಾಲ್ವರು ಅಧ್ಯಾಪಕರು ಸದಸ್ಯರು, ಒಬ್ಬ ವಿದ್ಯಾರ್ಥಿ ವಿಶೇಷ ಆಹ್ವಾನಿತ. ಅಧ್ಯಕ್ಷ ಸ್ಥಾನವನ್ನೂ ಸೇರಿಸಿ ಕನಿಷ್ಠ ಒಬ್ಬರಾದರೂ ಮಹಿಳೆ, ಕನಿಷ್ಠ ಒಬ್ಬರಾದರೂ ಪರಿಶಿಷ್ಟ ಜಾತಿ, ಪಂಗಡ ಅಥವಾ ಹಿಂದುಳಿದ ವರ್ಗದವರು ಇರಲೇಬೇಕು. ದೂರು ಕೈಸೇರಿದ 15 ಕೆಲಸದ ದಿನಗಳೊಳಗೆ ಸಮಿತಿ ತನ್ನ ಶಿಫಾರಸನ್ನು ಕೊಡಬೇಕು. ಅದು ಸರಿ ಎನ್ನಿಸದಿದ್ದರೆ ವಿದ್ಯಾರ್ಥಿ 15 ದಿನದೊಳಗೆ ಒಂಬುಡ್ಸ್‌ಪರ್ಸನ್ ಬಳಿ ಮೇಲ್ಮನವಿ ಹೋಗಬಹುದು. ಅವರು 30 ದಿನದಲ್ಲಿ ತೀರ್ಮಾನಿಸಬೇಕು. ನಿವೃತ್ತ ಕುಲಪತಿ, ಡೀನ್ ಅಥವಾ ವಿಭಾಗ ಮುಖ್ಯಸ್ಥರಾಗಿದ್ದ ನಿವೃತ್ತ ಪ್ರಾಧ್ಯಾಪಕ ಇಲ್ಲವೇ ಮಾಜಿ ಜಿಲ್ಲಾ ನ್ಯಾಯಾಧೀಶರು ಈ ಸ್ಥಾನಕ್ಕೆ ಅರ್ಹರು. ಆ ವಿಶ್ವವಿದ್ಯಾಲಯದ ಜೊತೆ ಅವರಿಗೆ ಹಿತಾಸಕ್ತಿಯ ನಂಟು ಇರಬಾರದು.

ಯಾವುದನ್ನು ಕುಂದುಕೊರತೆ ಎನ್ನಬಹುದು ಎಂಬ ಪಟ್ಟಿ ವಿಶಾಲವಾಗಿದೆ. ಫಲಿತಾಂಶ ತಡವಾದದ್ದು, ಪ್ರಾಸ್ಪೆಕ್ಟಸ್‌ನಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಹಣ ಕೇಳಿದ್ದು, ವಿದ್ಯಾರ್ಥಿವೇತನ ತಡೆದದ್ದು, ಜಾತಿಯ ಕಾರಣಕ್ಕೆ ತಾರತಮ್ಯ ಮಾಡಿದ್ದು, ಪ್ರಾಸ್ಪೆಕ್ಟಸ್‌ನಲ್ಲಿ ತೋರಿಸಿದ ಲ್ಯಾಬು ಕಾಲೇಜಿನಲ್ಲಿ ಕಾಣದೆ ಹೋದದ್ದು ಎಲ್ಲವೂ ಅದರಲ್ಲಿದೆ. ಅಂಕ ಕಡಿಮೆ ಬಂತೆಂಬ ಒಂದೇ ಕಾರಣಕ್ಕೆ ಒಂಬುಡ್ಸ್‌ಪರ್ಸನ್ ಬಳಿ ಹೋಗಿ ಫಲವಿಲ್ಲ. ಫಲಿತಾಂಶವನ್ನೇ ಬದಲಿಸುವಂಥ ನಿರ್ದಿಷ್ಟ ಅಕ್ರಮ ಅಥವಾ ತಾರತಮ್ಯ ನಡೆದಿದೆ ಎಂದು ತೋರಿಸಬೇಕು. ಉಳಿದದ್ದಕ್ಕೆ ಮರುಮೌಲ್ಯಮಾಪನದ ದಾರಿ ಇದ್ದೇ ಇದೆ. ದುರುದ್ದೇಶದ ಸುಳ್ಳು ದೂರು ಕೊಟ್ಟರೆ ಕ್ರಮ ಎದುರಿಸಬೇಕಾದೀತು ಎಂಬುದನ್ನೂ ನಿಯಮ ಹೇಳುತ್ತದೆ, ಹೇಳುವುದು ಸರಿಯೂ ಹೌದು.

ಹಾಗಾಗಿ ದೂರು ಬರೆಯುವುದನ್ನು ಮಕ್ಕಳು ಕಲಿಯಬೇಕು. ಯಾವ ತಾರೀಕು, ಯಾವ ಕೌಂಟರ್, ಏನು ಕೇಳಿದೆ, ಏನೆಂದರು, ರಸೀದಿ ಎಲ್ಲಿ ಎಂಬಷ್ಟಿದ್ದರೆ ಒಂದು ಪುಟ ಧಾರಾಳ. ಬೈಗುಳ ಬೇಡ. ಆನ್‌ಲೈನ್‌ನಲ್ಲಿ ಹಾಕಿದರೆ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೈಯಲ್ಲಿ ಕೊಟ್ಟರೆ ಟಪಾಲು ವಿಭಾಗದಲ್ಲಿ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಎಚ್‌ಒಡಿ ಛೇಂಬರಿನ ಮುಂದೆ ನಿಂತು ಬಾಯಿಮಾತಿನಲ್ಲಿ ಹೇಳಿ ಬಂದದ್ದಕ್ಕೆ ಯಾವ ಗಡುವೂ ಶುರುವಾಗುವುದಿಲ್ಲ. ಸೀಲು ಬಿದ್ದ ದಿನದಿಂದ ದಿನ ಎಣಿಸಬಹುದು.

ಎಲ್ಲರೂ ತಿಳಿದಿರಬೇಕಾದ ಇನ್ನೊಂದು ಸಂಗತಿ ಒರಿಜಿನಲ್ ಮಾರ್ಕ್ಸ್ ಕಾರ್ಡಿನದು. ಮಧ್ಯದಲ್ಲಿ ಬಿಟ್ಟು ಹೋಗುವವರನ್ನು ಕಟ್ಟಿಹಾಕಲು ಮೂಲ ದಾಖಲೆಗಳನ್ನು ಇಟ್ಟುಕೊಳ್ಳುವುದು ಖಾಸಗಿ ಕಾಲೇಜುಗಳಲ್ಲಿ ಬಹುಕಾಲದ ರೂಢಿ. 2018ರ ಅಕ್ಟೋಬರ್‌ನ ಯುಜಿಸಿ ಅಧಿಸೂಚನೆ ಇದನ್ನು ನಿಷೇಧಿಸಿದೆ: ಪರಿಶೀಲಿಸಿ ಅಲ್ಲೇ ಹಿಂದಿರುಗಿಸಬೇಕು, ದೃಢೀಕರಿಸಿದ ನಕಲು ಇಟ್ಟುಕೊಂಡರೆ ಸಾಕು. ಶುಲ್ಕ ವಾಪಸಿಗೂ ಅದರಲ್ಲಿ ಲೆಕ್ಕವಿದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮೊದಲೇ ಸೀಟು ಬಿಟ್ಟರೆ ಪೂರ್ತಿ ಹಣ, ಅಲ್ಲಿಂದ ಕೊನೆಯ ದಿನದೊಳಗೆ ಬಿಟ್ಟರೆ ಶೇ 90. ಕೊನೆಯ ದಿನ ಕಳೆದು 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50, ಆಮೇಲೆ ಏನೂ ಇಲ್ಲ. ಪೂರ್ತಿ ವಾಪಸು ಕೊಡುವಾಗ ಕಚೇರಿ ಖರ್ಚೆಂದು ಶೇ 5ಕ್ಕಿಂತ, ಅದೂ 5,000 ರೂಪಾಯಿಗಿಂತ ಹೆಚ್ಚು ಹಿಡಿಯುವಂತಿಲ್ಲ. ಬೇರೆಡೆ ಸರ್ಕಾರಿ ಸೀಟು ಸಿಕ್ಕಿದ ಖುಷಿಯಲ್ಲಿ ಕಟ್ಟಿದ ದುಡ್ಡು ಹೋದರೆ ಹೋಗಲಿ ಎಂದು ಸುಮ್ಮನಾಗುವ ಪೋಷಕರು ಈ ದಿನಗಳನ್ನು ಲೆಕ್ಕ ಹಾಕಬೇಕು. ಅದರಲ್ಲಿ ಎಷ್ಟೋ ಮನೆಗಳ ಒಡವೆ ಅಡವಿಟ್ಟ ಹಣವಿರುತ್ತದೆ.

ಲೈಂಗಿಕ ಕಿರುಕುಳದ ದೂರು ಹೋಗಬೇಕಾದ್ದು ಬೇರೆ ಕಡೆಗೆ. 2013ರ ಕಾಯ್ದೆಯ ಬೆನ್ನಿಗೆ ಬಂದ ಯುಜಿಸಿಯ 2015ರ ನಿಯಮಾವಳಿ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ಆಂತರಿಕ ದೂರು ಸಮಿತಿ ಇರಬೇಕು. ಅದಕ್ಕೆ ಹಿರಿಯ ಅಧ್ಯಾಪಕಿ ಮುಖ್ಯಸ್ಥೆ, ಹೊರಗಿನ ಸದಸ್ಯರೊಬ್ಬರು ಕಡ್ಡಾಯ. ಕುಲಪತಿ, ಕುಲಸಚಿವ, ಡೀನ್, ವಿಭಾಗ ಮುಖ್ಯಸ್ಥರು ಅದರಲ್ಲಿ ಇರಕೂಡದು. ಅಧಿಕಾರದಲ್ಲಿರುವವರ ನೆರಳು ತನಿಖೆಯ ಮೇಲೆ ಬೀಳದಿರಲಿ ಎಂಬುದು ಉದ್ದೇಶ. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ತನಿಖೆಗೆ 90 ದಿನ. ಹುಡುಗಿಯರಷ್ಟೇ ಅಲ್ಲ, ಕಿರುಕುಳಕ್ಕೆ ಒಳಗಾದ ಹುಡುಗರೂ ತೃತೀಯ ಲಿಂಗಿಗಳೂ ಇಲ್ಲಿ ದೂರು ಕೊಡಬಹುದು. ಸಂಶೋಧನಾ ವಿದ್ಯಾರ್ಥಿನಿಯರಿಗೆ ಬಹಳ ಮುಖ್ಯವಾದ ಒಂದು ಅಂಶವೂ ಇದೆ: ದೂರು ನಡೆಯುವಾಗ ಆರೋಪಿತ ಅಧ್ಯಾಪಕರು ಆಕೆಯ ಕೆಲಸವನ್ನಾಗಲಿ ಪರೀಕ್ಷೆಯನ್ನಾಗಲಿ ಮೌಲ್ಯಮಾಪನ ಮಾಡದಂತೆ ತಡೆಯಲು ಸಮಿತಿ ಕೇಳಬಹುದು. ಗೈಡ್ ಸಹಿ ಹಾಕದಿದ್ದರೆ ವರ್ಷಗಳ ಪಿಎಚ್.ಡಿ. ನೀರಿನಲ್ಲಿ ಹೋಮ ಎಂಬ ಹೆದರಿಕೆಯೇ ಅಲ್ಲಿ ಬಾಯಿ ಕಟ್ಟಿಸುವುದು. ವಿದ್ಯಾರ್ಥಿಗಳ ವಿಷಯ ಬಂದಾಗ ಪದವಿ, ಸ್ನಾತಕೋತ್ತರ, ಸಂಶೋಧನೆ ಈ ಮೂರೂ ಹಂತದಿಂದ ಒಬ್ಬೊಬ್ಬ ವಿದ್ಯಾರ್ಥಿ ಚುನಾಯಿತರಾಗಿ ಸಮಿತಿಯಲ್ಲಿ ಕೂರಬೇಕು ಎಂದೂ ನಿಯಮವಿದೆ. ಕಾಲೇಜು ಚುನಾವಣೆಗಳೇ ನಿಂತು ಮೂರು ದಶಕ ಮೀರಿದ ಕರ್ನಾಟಕದಲ್ಲಿ ಅವರನ್ನು ಚುನಾಯಿಸುವ ಬಗೆ ಹೇಗೆ ಎಂದು ವಿಶ್ವವಿದ್ಯಾಲಯಗಳು ಗಂಭೀರವಾಗಿ ಯೋಚಿಸಬೇಕು. ಪ್ರಾಂಶುಪಾಲರಿಗೆ ಮೆಚ್ಚಿನವರನ್ನು ಕೂರಿಸಿದರೆ ಅದು ಪ್ರಾತಿನಿಧ್ಯವಾಗುವುದಿಲ್ಲ.

ಇನ್ನು ಹಾಜರಾತಿ. ಶಿಸ್ತು ಮತ್ತು ಆಸರೆ ಮುಖಾಮುಖಿಯಾಗುವುದು ಇಲ್ಲಿಯೇ. ಪರೀಕ್ಷೆ ಹತ್ತಿರ ಬಂದಾಗ ನೋಟಿಸ್ ಬೋರ್ಡಿನಲ್ಲಿ ಶಾರ್ಟೇಜ್ ಪಟ್ಟಿ ಬೀಳುತ್ತದೆ. ಹಾಲ್ ಟಿಕೆಟ್ ಇಲ್ಲ ಎನ್ನುತ್ತಾರೆ. ಆಮೇಲೆ ಅಳು, ಮೆಡಿಕಲ್ ಸರ್ಟಿಫಿಕೇಟಿಗೆ ಓಡಾಟ, ದಂಡ, ಶಿಫಾರಸು. ಆ ಪಟ್ಟಿಯಲ್ಲಿ ಸೋಮಾರಿಗಳಿರುವುದಿಲ್ಲ ಎಂದು ನಾನು ಹೇಳಲಾರೆ. ಆದರೆ ಅದರಲ್ಲಿ ರಾತ್ರಿಯೆಲ್ಲ ಕೇಟರಿಂಗ್ ಕೆಲಸಕ್ಕೆ ಹೋಗಿ ಬೆಳಗಿನ ತರಗತಿಗೆ ಏಳಲಾಗದವನಿರುತ್ತಾನೆ. ಸ್ಕಾಲರ್‌ಶಿಪ್ಪಿನ ಹಣ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲವೆಂದು ನಿಂತುಹೋಗಿ, ಬಸ್ಸಿಗೆ ದುಡ್ಡಿಲ್ಲದೆ ಊರಿಗೆ ಹೋಗಿ ಕುಳಿತವಳಿರುತ್ತಾಳೆ. ಅಮ್ಮನಿಗೆ ಹುಷಾರಿಲ್ಲದೆ ಮನೆಯ ಒಲೆ ಹಚ್ಚಬೇಕಾದವಳಿರುತ್ತಾಳೆ. ಇಂಗ್ಲಿಷಿನಲ್ಲಿ ನಡೆಯುವ ಪಾಠ ಒಂದಕ್ಷರವೂ ಹತ್ತದೆ, ನಾಚಿಕೆಯಿಂದ ತರಗತಿಗೇ ಬರದೆ ಹೋದವನಿರುತ್ತಾನೆ. ಏನೂ ಬೇಡವೆನ್ನಿಸಿ ಹಾಸ್ಟೆಲ್ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿಯೇ ಇರುವವರೂ ಇರುತ್ತಾರೆ.

ಇವರೆಲ್ಲರ ಗೈರುಹಾಜರಿ ಎರಡನೆಯ ತಿಂಗಳಲ್ಲೇ ರಿಜಿಸ್ಟರಿನಲ್ಲಿ ಕಾಣುತ್ತದೆ. ವಿಶ್ವವಿದ್ಯಾಲಯದ ಕೈಯಲ್ಲಿ ವಿದ್ಯಾರ್ಥಿಯ ಕಷ್ಟವನ್ನು ಎಲ್ಲಕ್ಕಿಂತ ಮೊದಲು ಹೇಳುವ ದಾಖಲೆ ಅದೊಂದೇ. ಅದನ್ನು ನಾಲ್ಕನೆಯ ತಿಂಗಳಲ್ಲಿ ಶಿಕ್ಷೆಗೆ ಬಳಸುತ್ತೇವೆ, ಎರಡನೆಯ ತಿಂಗಳಲ್ಲಿ ನೆರವಿಗೆ ಬಳಸುವುದಿಲ್ಲ. ದೆಹಲಿಯಲ್ಲಿ 2016ರಲ್ಲಿ ಹಾಜರಾತಿ ಕೊರತೆಯಿಂದ ಪರೀಕ್ಷೆಗೆ ಕೂರಲಾಗದ ಕಾನೂನು ವಿದ್ಯಾರ್ಥಿಯೊಬ್ಬ ಜೀವ ಕಳೆದುಕೊಂಡ. ಆ ಸಾವಿನ ಹಿನ್ನೆಲೆಯಲ್ಲಿ ನಡೆದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2025ರ ನವೆಂಬರ್‌ನಲ್ಲಿ ಕೊಟ್ಟ ತೀರ್ಪು, ಕನಿಷ್ಠ ಹಾಜರಾತಿ ಇಲ್ಲವೆಂಬ ಕಾರಣಕ್ಕೆ ಕಾನೂನು ವಿದ್ಯಾರ್ಥಿಗಳನ್ನು ಪರೀಕ್ಷೆಯಿಂದ ಹೊರಗಿಡಬಾರದು ಎಂದಿತು. ವಾರವಾರವೂ ಹಾಜರಾತಿ ತಿಳಿಸಿ, ತಿಂಗಳಿಗೊಮ್ಮೆ ಪೋಷಕರಿಗೆ ಹೇಳಿ, ಕೊರತೆ ಬಿದ್ದವರಿಗೆ ಹೆಚ್ಚಿನ ತರಗತಿ ನಡೆಸಿ ಎಂಬುದು ಅದರ ಸೂಚನೆ. ಅದು ಕಾನೂನು ಕಾಲೇಜುಗಳಿಗೆ ಹೇಳಿದ ಮಾತು. ಹಾಜರಾತಿಯ ನಿಯಮವನ್ನೇ ತೆಗೆಯಬೇಕೆಂದು ನಾನು ವಾದಿಸುವುದಿಲ್ಲ; ತರಗತಿಯಲ್ಲಿ ಕೂತು ಕೇಳುವುದಕ್ಕೆ ಬದಲಿಯಿಲ್ಲ. ಆದರೆ ಮೊದಲು ಕರೆದು ವಿಚಾರಿಸಿ, ಆಮೇಲೆ ತಡೆಯಿರಿ ಎಂಬ ಕ್ರಮ ಎಲ್ಲ ಕಾಲೇಜುಗಳಿಗೂ ಸಲ್ಲುತ್ತದೆ.

ವಿಚಾರಿಸುವವರು ಯಾರು ಎಂದರೆ, ಅದಕ್ಕೂ ವ್ಯವಸ್ಥೆಯಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಮೌಲ್ಯಾಂಕನದಲ್ಲಿ ವಿದ್ಯಾರ್ಥಿ ಬೆಂಬಲಕ್ಕೇ ಒಂದು ಪ್ರತ್ಯೇಕ ಮಾನದಂಡ ಇಟ್ಟಿದೆ, ಮೆಂಟರ್ ಒಬ್ಬರಿಗೆ ಎಷ್ಟು ವಿದ್ಯಾರ್ಥಿಗಳು ಎಂಬ ಲೆಕ್ಕವನ್ನೂ ಕೇಳುತ್ತದೆ. ಅದಕ್ಕಾಗಿ ಕಾಲೇಜುಗಳಲ್ಲಿ ಮೆಂಟರ್ ಡೈರಿಗಳಿವೆ. ನ್ಯಾಕ್ ತಂಡ ಬರುವ ಹಿಂದಿನ ವಾರ ಒಂದೇ ಪೆನ್ನಿನಲ್ಲಿ ಇಡೀ ವರ್ಷದ ಭೇಟಿಗಳನ್ನು ತುಂಬಿಸುವುದು ಎಷ್ಟೋ ಕಡೆ ನಡೆಯುತ್ತದೆ. ಕಾಲೇಜಿನಲ್ಲಿ ಕೆಲಸ ಮಾಡಿದ ಯಾರಿಗೂ ಇದು ಹೊಸ ಸುದ್ದಿಯಲ್ಲ. ಇದಕ್ಕೆ ಅಧ್ಯಾಪಕರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಅತಿಥಿ ಉಪನ್ಯಾಸಕರ ಮೇಲೇ ನಡೆಯುವ ಕಾಲೇಜಿನಲ್ಲಿ, ಮುಂದಿನ ಸೆಮಿಸ್ಟರಿಗೆ ತಾವೇ ಇರುತ್ತೇವೋ ಇಲ್ಲವೋ ತಿಳಿಯದವರು ಮಗುವಿನ ಮೂರು ವರ್ಷದ ಕಷ್ಟಸುಖ ವಿಚಾರಿಸುವುದು ಹೇಗೆ? ಕಾಯಂ ಅಧ್ಯಾಪಕರ ನೇಮಕಾತಿ ವಿದ್ಯಾರ್ಥಿ ಬೆಂಬಲದ ಪ್ರಶ್ನೆಯೂ ಹೌದು.

2022ರಲ್ಲಿ ಈ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹೇಳುತ್ತದೆ. ಆ ಅಂಕಿಯನ್ನು ಮುಂದಿಟ್ಟುಕೊಂಡೇ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ 15 ಮಾರ್ಗಸೂಚಿಗಳನ್ನು ಕೊಟ್ಟಿತು. ಕಾನೂನು ಬರುವ ತನಕ ಅವೇ ಕಟ್ಟುಪಾಡು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರು ಇರಬೇಕು. ಅಂಕದ ಆಧಾರದಲ್ಲಿ ಮಕ್ಕಳನ್ನು ಬೇರೆ ಬೇರೆ ಬ್ಯಾಚುಗಳಾಗಿ ಒಡೆಯಬಾರದು. ಸಿಬ್ಬಂದಿಗೆ ವರ್ಷಕ್ಕೆರಡು ಸಲ ತರಬೇತಿ ಕೊಡಬೇಕು. ಸಹಾಯವಾಣಿಯ ಸಂಖ್ಯೆಗಳನ್ನು ಹಾಸ್ಟೆಲಿನಲ್ಲಿ, ತರಗತಿಯಲ್ಲಿ ಕಣ್ಣಿಗೆ ಬೀಳುವಂತೆ ದೊಡ್ಡದಾಗಿ ಬರೆಸಬೇಕು. ಆ ಸಂಖ್ಯೆಗಳಲ್ಲಿ ಮುಖ್ಯವಾದದ್ದು ಟೆಲಿ ಮಾನಸ್‌ನ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಯ ಸೂತ್ರ ನಮ್ಮ ನಿಮ್ಹಾನ್ಸ್ ಕೈಯಲ್ಲಿದೆ. ಕರೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜೊತೆಯ ಗೆಳೆಯ ಊಟ ಬಿಟ್ಟಿದ್ದಾನೆ, ಮಾತು ಬಿಟ್ಟಿದ್ದಾನೆ ಎಂದು ಕಂಡರೆ ಅವನ ಪಕ್ಕದಲ್ಲಿ ಕೂತು ಆ ಸಂಖ್ಯೆಗೆ ಕರೆ ಮಾಡಿ. ನಿಮಗೇ ಹಾಗೆ ಅನ್ನಿಸುತ್ತಿದ್ದರೂ ಮಾಡಿ. ಅಲ್ಲಿ ಹೇಳಿಕೊಂಡದ್ದು ಮಾರ್ಕ್ಸ್ ಕಾರ್ಡಿನಲ್ಲೂ ಬರುವುದಿಲ್ಲ, ಕಾಲೇಜಿಗೂ ಹೋಗುವುದಿಲ್ಲ.

ಅಂಗವಿಕಲ ವಿದ್ಯಾರ್ಥಿಗಳ ಬಗ್ಗೆ 2016ರ ಕಾಯ್ದೆ ಸ್ಪಷ್ಟವಾಗಿದೆ: ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು, ಪ್ರವೇಶದ ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ. ಪರೀಕ್ಷೆಯಲ್ಲಿ ಬರೆಯಲು ಲಿಪಿಕಾರ, ಗಂಟೆಗೆ 20 ನಿಮಿಷ ಹೆಚ್ಚು ಸಮಯ ಎಂಬುದು ಕೇಂದ್ರದ ಮಾರ್ಗಸೂಚಿ. ಕೈ ಸೆಳೆತದಿಂದ ಬರೆಯಲಾಗದ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ, ಶೇ 40ರಷ್ಟು ವೈಕಲ್ಯದ ಸರ್ಟಿಫಿಕೇಟ್ ಇಲ್ಲದವರಿಗೂ ಲಿಪಿಕಾರರನ್ನು ನಿರಾಕರಿಸಬಾರದು ಎಂದಿತು. ಪರೀಕ್ಷಾ ವಿಭಾಗದ ಗುಮಾಸ್ತರಿಗೆ ಈ ತೀರ್ಪಿನ ಪ್ರತಿ ಕೊಟ್ಟಿಟ್ಟರೆ ಎಷ್ಟೋ ಮಕ್ಕಳ ಅಲೆದಾಟ ತಪ್ಪುತ್ತದೆ. ಸಂಶೋಧನೆ ಮಾಡುವ ಮಹಿಳೆಯರಿಗೆ ಹೆರಿಗೆ ಮತ್ತು ಮಗುವಿನ ಆರೈಕೆಗೆಂದು ಒಟ್ಟು 240 ದಿನಗಳವರೆಗೆ ರಜೆಯಿದೆ. ಸಂಶೋಧನೆ ಮಾಡುವ ಎಲ್ಲರ ಕಡೆಯಿಂದ ಬೇಕಾದ್ದು ಪ್ರಾಮಾಣಿಕ ಬರವಣಿಗೆ. 2018ರ ಕೃತಿಚೌರ್ಯ ನಿಯಮಾವಳಿಯಲ್ಲಿ ಹೋಲಿಕೆ ಶೇ 10ರೊಳಗಿದ್ದರೆ ದಂಡನೆಯಿಲ್ಲ, ಶೇ 40 ದಾಟಿದರೆ ಒಂದು ವರ್ಷ ಮತ್ತೆ ಸಲ್ಲಿಸುವಂತಿಲ್ಲ, ಶೇ 60 ದಾಟಿದರೆ ನೋಂದಣಿಯೇ ರದ್ದು. ಬೇರೆಯವರ ಪ್ರಬಂಧವನ್ನು ಕದ್ದು ತನ್ನದೆನ್ನುವವರ ಬಗ್ಗೆ ನನಗೆ ಕನಿಕರವಿಲ್ಲ. ಅದರಿಂದ ನಷ್ಟ ಆಗುವುದು ವರ್ಷಗಟ್ಟಲೆ ಹಳ್ಳಿ ಹಳ್ಳಿ ಅಲೆದು ನಿಜವಾಗಿ ಕೆಲಸ ಮಾಡಿದ ಪಕ್ಕದ ಮೇಜಿನ ವಿದ್ಯಾರ್ಥಿಗೆ.

ನಿಯಮಗಳು ಇಷ್ಟಿದ್ದರೂ ಜಾರಿ ಎಷ್ಟಾಗಿದೆ? 2024ರ ಜೂನ್‌ನಲ್ಲಿ ಯುಜಿಸಿಯೇ ಪ್ರಕಟಿಸಿದ ಪಟ್ಟಿಯಲ್ಲಿ, ಒಂಬುಡ್ಸ್‌ಪರ್ಸನ್ ನೇಮಿಸದ 157 ವಿಶ್ವವಿದ್ಯಾಲಯಗಳ ಹೆಸರಿತ್ತು. ನೇಮಿಸಿದ ಕಡೆಯೂ ಅವರ ಹೆಸರು, ಇಮೇಲ್ ವಿಳಾಸ ಹುಡುಕಲು ಜಾಲತಾಣದ ಮೂಲೆ ಮೂಲೆ ಜಾಲಾಡಬೇಕು, ಸಿಕ್ಕಿದರೂ ಅದು ಇಂಗ್ಲಿಷಿನಲ್ಲಿ. ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಬಂದ ಮಗುವಿಗೆ ತನ್ನ ಮೇಲಾದ ಅನ್ಯಾಯವನ್ನು ಇಂಗ್ಲಿಷಿನಲ್ಲಿ ಬರೆಯಲು ಹೇಳುವುದು ಎರಡನೆಯ ಅನ್ಯಾಯ. 1963ರಲ್ಲೇ ಕನ್ನಡವನ್ನು ಕಾಯ್ದೆ ಮಾಡಿ ಆಡಳಿತ ಭಾಷೆಯಾಗಿಸಿದ ರಾಜ್ಯದಲ್ಲಿ ದೂರಿನ ನಮೂನೆ ಕನ್ನಡದಲ್ಲಿ ಇರದಿರಲು ಕಾರಣವೇ ಇಲ್ಲ. ಪ್ರವೇಶ ಶುರುವಾಗುವುದಕ್ಕೆ ಕನಿಷ್ಠ 60 ದಿನ ಮೊದಲೇ ಪ್ರಾಸ್ಪೆಕ್ಟಸ್ ಪ್ರಕಟಿಸಬೇಕೆಂದು ಯುಜಿಸಿ ನಿಯಮವಿದೆ. ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಅದಕ್ಕೂ ಮೊದಲು ಒಂದು ಮಾದರಿ ಪುಟವನ್ನು ಕನ್ನಡದಲ್ಲಿ ಸಿದ್ಧಪಡಿಸಿ ಎಲ್ಲ ವಿಶ್ವವಿದ್ಯಾಲಯಗಳಿಗೂ ಕಳಿಸಲಿ: ಯಾವ ದೂರು ಯಾವ ಸಮಿತಿಗೆ, ಎಷ್ಟು ದಿನದಲ್ಲಿ ಉತ್ತರ, ಸದಸ್ಯರ ಹೆಸರು, ಫೋನ್ ಸಂಖ್ಯೆ, ಒಂಬುಡ್ಸ್‌ಪರ್ಸನ್ ವಿಳಾಸ, ಕೆಳಗೆ ಕುಲಸಚಿವರ ಸಹಿ.